ಸಣ್ಣ ಉರಿ

ನವನಗರದ ದವಾಖಾನ್ಯಾಗ
ಎದಿ ಮ್ಯಾಲ ತಣ್ಣನ ಅಂಟು ಸವರಿ
ಟೀವಿಯೊಳಗ ನನ್ನ ಎದಿ ನನಗ ತೋರಿಸಿದರು.
ಕರೀ ನೀರಾಗ ಮೀನಿನ ಬಾಯಿ ಹಂಗ
ಏನೋ ತೆರೀತಿತ್ತು, ಮುಚ್ಚತಿತ್ತು.
"ಕವಾಟ ಸ್ವಲ್ಪ ಸೋರತೈತಿ,
ಅಂಜೂದೇನಿಲ್ಲ, ಗುಳಿಗಿ ತಗೋ, ಚಿಂತಿ ಬಿಡು" ಅಂದ
ಮೀಸಿ ಈಗ ಮೂಡಿದ ಡಾಕ್ಟರ.
ಗುಳಿಗಿ ಬರಕೊಟ್ಟ.
ಚಿಂತಿ ಬಿಡೂದು ದಿನಕ್ಕ ಎಷ್ಟು ಸಲ,
ಊಟಕ್ಕ ಮುಂಚೇನೋ ಆಮ್ಯಾಲೋ,
ಅದನ್ನ ಬರೀಲಿಲ್ಲ.

ಗುಳೇದಗುಡ್ಡದ ಬಸ್ಸಿನ್ಯಾಗ ಒಂದಽ ವಿಚಾರ:
ಊರಿಗೊಂದು ಅಗಸಿ ಇದ್ದಂಗ ಎದಿಗೂ ಒಂದು ಅಗಸಿ.
ಅದರ ಕದ ಪೂರಾ ಮುಚ್ಚವಲ್ದು.
ಹ್ಯಾಂಗ ಮುಚ್ಚೀತು?
ನಲವತ್ತು ವರ್ಷ ಯಾರ್ಯಾರೋ ಹೊಕ್ಕಾರ,
ಹೋಗುವಾಗ ಎಳಕೊಂಡು ಹೋದವರು ಒಬ್ಬರಿಲ್ಲ.

ಸುದ್ದಿ ಓಣಿಗೆ ನನಗಿಂತ ಮೊದಲ ಮುಟ್ಟಿತ್ತು.
ಗುರುಬಸವ್ವ ಬಳ್ಳೊಳ್ಳಿ ಸುಲಿದು ಜೇನಿನ್ಯಾಗ ಹಾಕಿ ತಂದಳು.
ಎದುರುಮನಿ ಅಂಬುಬಾಯಿ ಒಂದು ಡಬ್ಬಿ ಅಗಸಿಹಿಂಡಿ:
"ಅಗಸಿಗೆ ಅಗಸೀನಽ ಮದ್ದು" ಅಂತ
ನನ್ನ ಮಾತು ನನಗಽ ತಿರುಗಿಸಿ ನಕ್ಕಳು.
ನೆಗೆಣ್ಣಿ ಒಂದೆಲಗ ತಂದು,
"ಎದಿಗೂ ತಂಪು, ನೆನಪಿಗೂ ಛಲೋ."
ನೆನಪು ಕಡಿಮಿ ಮಾಡೂ ಸೊಪ್ಪು ಇಲ್ಲೇನು ಅಂದೆ.
ಆಕಿಗೆ ತಿಳೀಲಿಲ್ಲ, ಇಲ್ಲಾ ತಿಳೀತು.

ಸಂತಿ ದಿನ ದಾವಲಸಾಬನ ಚೀಲದ ಮುಂದ ಕುಂತೆ.
ಅಳಲಿಕಾಯಿ, ಜ್ಯೇಷ್ಠಮಧು, ಹಿರೇಮದ್ದಿನ ಬೇರು,
ಬಾಚಣಿಕಿಗೆ ಉಳಿದ ಕೂದಲದಂಥ ಜಟಾಮಾಂಸಿ.
ಆತ ಮೊದಲ ಕೇಳಿದ್ದು ಡಾಕ್ಟರನ ಚೀಟಿ.
"ಇವನ್ನ ಬಿಟ್ಟಿ ಅಂದ್ರ ನನ್ನ ಕಡೆ ಬರಬ್ಯಾಡ.
ನಾನೂ ನುಂಗತೇನಿ" ಅಂತ
ಕಿಸೆದಾಗಿನ ಗುಳಿಗಿ ಹಾಳಿ ಚರಚರ ಅನಿಸಿದ.
"ಅವರನ್ನ ಕೇಳಿ ಬಾ. ಆಮ್ಯಾಲ ಕೊಡತೇನಿ."

ಕೇಳಿ ಬಂದೆ. ಎಂಟು ದಿನ ಹೋತು.

ಹೊಳಿಮತ್ತಿ ತೊಗಟಿ.
ಮಲಪ್ರಭಾದ ದಂಡೀದಂತ. ಹೊರಗ ಬೂದಿ, ಒಳಗ ಕೆಂಪು.
"ಒಂದು ಚಮಚ ಪುಡಿ, ಒಂದು ವಾಟಗ ಹಾಲು, ಒಂದು ವಾಟಗ ನೀರು.
ನೀರು ಇಂಗಿ ಹಾಲಷ್ಟಽ ಉಳೀಬೇಕು.
ಸಣ್ಣ ಉರಿ. ಅದರ ಮುಂದಿಂದ ಏಳಬಾರದು.
ಯಾರು ಕರದ್ರೂ ಓ ಅನ್ನಬಾರದು.
ಓ ಅಂದ್ಯೋ, ಮದ್ದು ಕೆಟ್ಟಂಗ."

ಇದು ದೊಡ್ಡ ಪಥ್ಯ.
ನಮ್ಮ ಮನಿಯವರು, ಮಾಗುಂಡಪ್ಪ,
ಕುಣಿಮಗ್ಗದಾಗ ಕಾಲ ಇಳಿಬಿಟ್ಟು ಕುಂತ್ರ
ಲಾಳಿ ಬರಿದಾದಾಗೊಮ್ಮೆ "ಕಂಡಿಕೀ!"
ನೀರಡಿಕಿಗೆ, ಸಿಟ್ಟಿಗೆ, ಒಮ್ಮೊಮ್ಮೆ ಅಕ್ಕರತಿಗೂ
ಅದೊಂದಽ ಶಬ್ದ. ನಾನು ಅದಕ್ಕಽ ಏಳೂದು.
ಎಷ್ಟು ಮಂದಿ ಹೆಣ್ಣಮಕ್ಕಳ ಬೆನ್ನ ಮ್ಯಾಲ ಕುಂತಾವೋ
ನಾ ಸುತ್ತಿದ ನೂಲಿನ ಖಣ, ಲೆಕ್ಕ ಇಟ್ಟಿಲ್ಲ.

ಮೊದಲನೇ ದಿನ
ಹಾಲು ನೀರು ಕೂಡಿ ನಡುಗಾಕ ಹತ್ತಿತ್ತು.
"ಕಂಡಿಕೀ!"
ಓ ನಾಲಿಗಿ ತುದಿಗೆ ಬಂತು, ಹಲ್ಲಾಗ ಹಿಡಿದೆ.
"ಕಂಡಿಕೀ!"
ಎದಿ ಢವಢವ.
ಮೂರನೇದು ಕರದು ಮಗ್ಗ ಸುಮ್ಮಾತು.
ಅಂಥಾ ಸುಮ್ಮಗಿನ ಮನಿ ನಾ ಕೇಳಿರಲಿಲ್ಲ.
ಗ್ವಾಡಿ ಮ್ಯಾಲಿನ ಹಲ್ಲಿ. ಹಾಲಿನ ಗುಳ್ಳಿ. ನಾನು.
ಆಮ್ಯಾಲ ರಾಟಿ ಕರ್ರ ಅಂತು.
ಎಳಿ ಹರೀತು, ಬೈದ, ಕಟ್ಟಿದ, ಮತ್ತ ಹರೀತು.
ಹಾಲಿಗೆ ಇಟ್ಟಂಗಿ ಬಣ್ಣ ಬಂದಿತ್ತು. ಒಗರಂದ್ರ ಒಗರು.
ನಕ್ಕೋತ ಕುಡದೆ.

ಮೂರು ಸಂತಿ ಕಳೀತು. ಕೇಳಿದೆ:
"ಸಾಬಾ, ಓ ಅನ್ನಬಾರದು ಅಂತ ಯಾವ ಪುಸ್ತಕದಾಗ ಐತಿ?"
ಪುಡಿಕಿ ಕಟ್ಟಿ ದಾರ ಹಲ್ಲಿಲೆ ಕಡದ.
"ತೊಗಟಿ ಗಿಡದ್ದು. ಆ ಮಾತು ನಮ್ಮವ್ವಂದು.
ಆಕಿಗೆ ಯಾರೂ ಹೇಳಲಿಲ್ಲ."

ಕವಾಟದ ಸಂಗತಿ ಟೀವಿಗೆ ಗೊತ್ತು,
ಮುಂದಿನ ತಿಂಗಳ ನೋಡತಾರಂತ.
ಗುಳಿಗಿ ನುಂಗತೇನಿ. ಒಲಿ ಮುಂದ ಕೂಡತೇನಿ.

ಈಗ, ಒಳಗ, ಮಗ್ಗ ನಿಂತೈತಿ.
ಕಂಡಿಕಿ ಅಂತ ಕರೀಲಿಲ್ಲ ಆತ.
"ಶಿವಗಂಗಾ..."
ತುಕ್ಕು ಹಿಡಿದ ಚಿಲಕ ಸರಿದಂಗ, ನನ್ನ ಹೆಸರು.
ಓ ಅನ್ನೂಹಂಗಿಲ್ಲ.
ಉರಿ ಇನ್ನಷ್ಟು ಸಣ್ಣ ಮಾಡೇನಿ.